ಮೇವು ಕತ್ತರಿಸುವ ಯಂತ್ರದ ಅಂಗಾಂಗಗಳು



ರಾಸುಗಳ ಕಾಯಿಲೆ, ಗರ್ಭಧಾರಣೆ, ಪಶು ಆಹಾರ ಇವುಗಳ ಬಗ್ಗೆ ಬರೆಯಬೇಕಾದ ಪಶುವೈದ್ಯನು ಯಂತ್ರದ ವಿಷಯಕ್ಕೆ ಏಕೆ ಕೈ ಹಾಕಿದ ಎಂದು ನಿಮಗೆ ಅನ್ನಿಸಬಹುದು. ಕಾರಣವಿದೆ. ನನ್ನ ಮೇಜಿನ ಖಾನೆಯಲ್ಲಿ ಸುಮಾರು ನಾಲ್ಕು ಅಂಗುಲ ಉದ್ದದ, ಒಂದು ತುದಿ ಚೂಪಾಗಿ ಮುರಿದ ಕಬ್ಬಿಣದ ತಂತಿಯೊಂದಿದೆ. ಅದು ನಮ್ಮ ಒಕ್ಕೂಟದ ವ್ಯಾಪ್ತಿಯ ಹಳ್ಳಿಯೊಂದರಲ್ಲಿ ಎಚ್.ಎಫ್. ಮಿಶ್ರತಳಿ ಹಸುವಿನ ಹೊಟ್ಟೆಯಿಂದ ತೆಗೆದದ್ದು. ಎರಡನೆಯ ಸೂಲಿನ ಹಸು, ದಿನಕ್ಕೆ ಹದಿನಾಲ್ಕು ಲೀಟರ್ ಕೊಡುತ್ತಿತ್ತು. ಮೂರೇ ದಿನದಲ್ಲಿ ನಾಲ್ಕು ಲೀಟರಿಗೆ ಇಳಿಯಿತು. ಮೇವು ಬಿಟ್ಟಿತು, ಬೆನ್ನು ಬಾಗಿಸಿ ನಿಂತಿತು, ಮಲಗುವಾಗ ನರಳಿತು. ಆಪರೇಷನ್ ಮಾಡಬೇಕಾಯಿತು.

ತಂತಿ ಬೇಲಿಯಿಂದ ಬಂದಿರಬೇಕು ಎಂದು ಮನೆಯವರು ಹೇಳಿದರು. ನಾನೂ ಹಾಗೆಯೇ ತಿಳಿದಿದ್ದೆ. ಕೈ ತೊಳೆಯಲು ಕೊಟ್ಟಿಗೆಯ ಮಗ್ಗುಲಿಗೆ ಹೋದಾಗ ಅಲ್ಲಿದ್ದ ಮೇವು ಕತ್ತರಿಸುವ ಯಂತ್ರದ ಮೇಲೆ ಕಣ್ಣು ಬಿತ್ತು. ರೋಲರಿನ ಪಕ್ಕದ ಪಿನ್ನಿನ ತೂತಿನಲ್ಲಿ ಅದೇ ದಪ್ಪದ ತಂತಿಯ ಅರ್ಧ ಸುತ್ತು ಉಳಿದಿತ್ತು. ಮಿಕ್ಕರ್ಧ ನನ್ನ ಜೇಬಿನಲ್ಲಿತ್ತು. "ಪಿನ್ನು ಎಲ್ಲೋ ಬಿದ್ದುಹೋಯಿತು ಸಾರ್, ಸದ್ಯಕ್ಕೆ ಇರಲಿ ಅಂತ ತಂತಿ ಸುತ್ತಿದ್ದೆ" ಎಂದರು ಯಜಮಾನರು. ಆ 'ಸದ್ಯಕ್ಕೆ' ಎಂಬುದು ಎಂಟು ತಿಂಗಳಾಗಿತ್ತು. ಹಸು ಬದುಕಿತು. ಆದರೆ ಆ ಸೂಲಿನಲ್ಲಿ ಆರು ಲೀಟರಿನ ಮೇಲೆ ಹಾಲು ಏರಲೇ ಇಲ್ಲ. ಪಿನ್ನಿನ ಬೆಲೆ ಒಂದು ಲೋಟ ಚಹಾಕ್ಕಿಂತ ಹೆಚ್ಚೇನಿಲ್ಲ.

ಅಂದಿನಿಂದ ನಾನು ಕೊಟ್ಟಿಗೆಗೆ ಹೋದಾಗ ರಾಸನ್ನು ನೋಡುವಷ್ಟೇ ಗಮನವಿಟ್ಟು ಯಂತ್ರವನ್ನೂ ನೋಡುತ್ತೇನೆ. ನಾನು ಮೆಕ್ಯಾನಿಕ್ ಅಲ್ಲ. ಆದರೆ ಹಸುವಿನ ಮೈಯಲ್ಲಿ ಮೂಳೆ, ಕೀಲು, ಸ್ನಾಯು, ನರ ಎಂದು ಒಂದೊಂದಕ್ಕೆ ಒಂದೊಂದು ಕೆಲಸವಿರುವಂತೆ ಯಂತ್ರದಲ್ಲಿಯೂ ಇದೆ. ಯಾವ ಅಂಗ ಏನು ಮಾಡುತ್ತದೆ ಎಂದು ತಿಳಿದರೆ, ಅದು ಕೆಟ್ಟಾಗ ಏನಾಗುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ. ಮೇವಿನ ಯಂತ್ರದ ಮಟ್ಟಿಗೆ ಈ ತಿಳಿವಳಿಕೆ ಮುಖ್ಯ. ಏಕೆಂದರೆ ಇದರಲ್ಲಿ ಒಂದು ಸಣ್ಣ ಭಾಗ ಸವೆದರೆ ಅದರ ಫಲ ಹಸುವಿನ ಹೊಟ್ಟೆಗೆ ಹೋಗುತ್ತದೆ, ಇಲ್ಲವೇ ಮನೆಯವರ ಕೈಗೆ ಬರುತ್ತದೆ.

ನಿಮಗೆ ಗೊತ್ತಿರುವ ಯಂತ್ರಗಳೇ

ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಈಜಿಪ್ಟಿನ ಅಲೆಕ್ಸಾಂಡ್ರಿಯ ನಗರದಲ್ಲಿದ್ದ ಹೀರೋ ಎಂಬ ವಿದ್ವಾಂಸನು ಭಾರ ಎತ್ತುವ ಸಾಧನಗಳೆಲ್ಲ ಐದೇ ಮೂಲ ಸಾಧನಗಳಿಂದ ಆದವು ಎಂದು ಬರೆದಿಟ್ಟ. ಸನ್ನೆ, ಅಚ್ಚು ಸಹಿತವಾದ ಚಕ್ರ, ರಾಟೆ, ಬೆಣೆ, ತಿರುಪು. ಆಮೇಲೆ ಇಳಿಜಾರನ್ನೂ ಸೇರಿಸಿ ಆರು ಎಂದು ಶಾಲೆಯಲ್ಲಿ ಕಲಿಸುತ್ತಾರೆ. ಇವು ನಮಗೆ ಹೊಸವಲ್ಲ. ಏತದ ಮರ ಸನ್ನೆ. ಬಾವಿಯ ಗಡಗಡೆ ರಾಟೆ. ಎತ್ತಿನ ಗಾಡಿಯ ಚಕ್ರ, ಅಚ್ಚು, ಚಕ್ರ ಕಳಚದಂತೆ ತಡೆಯುವ ಕಡಾಣಿ ನಮ್ಮ ಹಿರಿಯರಿಗೆ ಬೆರಳ ತುದಿಯಲ್ಲಿದ್ದವು. ಸೌದೆ ಸೀಳುವ ಕೊಡಲಿ ಬೆಣೆ. ಬೋಲ್ಟಿನ ಮೇಲಿನ ತಿರುಪು ಎಂದರೆ ಸರಳಿಗೆ ಸುತ್ತಿದ ಇಳಿಜಾರು. ಆಗುಂಬೆ ಘಾಟಿಯ ರಸ್ತೆ ಬೆಟ್ಟವನ್ನು ನೇರವಾಗಿ ಹತ್ತದೆ ಬಳಸಿ ಬಳಸಿ ಹತ್ತುವುದರಿಂದ ತುಂಬಿದ ಬಸ್ಸು ಮೇಲೇರುತ್ತದೆ. ಹಾಗೆಯೇ ನಟ್ಟು ಬಳಸಿ ಬಳಸಿ ಏರುವುದರಿಂದ ಸ್ಪ್ಯಾನರ್ ಹಿಡಿದ ಒಂದು ಕೈಯ ಬಲ ಎರಡು ಕಬ್ಬಿಣದ ತುಂಡುಗಳನ್ನು ಬಿಗಿದು ಹಿಡಿಯುತ್ತದೆ.

ನಿಮ್ಮ ಕೊಟ್ಟಿಗೆಯ ಯಂತ್ರದಲ್ಲಿರುವುದು ಇವೇ. ಇವುಗಳ ಜೊತೆಗೆ ಹಲ್ಲಿನ ಚಕ್ರ, ಬೇರಿಂಗು, ಸ್ಪ್ರಿಂಗು. ಮೋಟಾರಿನಿಂದ ಆರಂಭಿಸಿ ಬ್ಲೇಡಿನವರೆಗೆ ಒಂದು ಸುತ್ತು ನೋಡೋಣ.

ಪುಲ್ಲಿ, ಬೆಲ್ಟು ಮತ್ತು ದೊಡ್ಡ ಚಕ್ರ

ಸಾಮಾನ್ಯವಾಗಿ ಈ ಯಂತ್ರಗಳಿಗೆ ಜೋಡಿಸುವ ಮೋಟಾರು ನಿಮಿಷಕ್ಕೆ ಸುಮಾರು 1,440 ಸುತ್ತು ತಿರುಗುತ್ತದೆ. ಇಷ್ಟು ವೇಗ ನಮಗೆ ಬೇಡ, ಬೇಕಾಗಿರುವುದು ಬಲ. ಮೋಟಾರಿಗೆ 3 ಅಂಗುಲದ ಪುಲ್ಲಿ, ಯಂತ್ರಕ್ಕೆ 18 ಅಂಗುಲದ ಪುಲ್ಲಿ ಇದೆ ಎಂದುಕೊಳ್ಳಿ. ಚಿಕ್ಕದು ಆರು ಸುತ್ತು ತಿರುಗಿದಾಗ ದೊಡ್ಡದು ಒಂದು ಸುತ್ತು ತಿರುಗುತ್ತದೆ. ಆದ್ದರಿಂದ ಯಂತ್ರ ನಿಮಿಷಕ್ಕೆ 240 ಸುತ್ತು ಹಾಕುತ್ತದೆ. ವೇಗ ಆರರಲ್ಲೊಂದು ಪಾಲಾಯಿತು, ತಿರುಗಿಸುವ ಬಲ ಹತ್ತಿರ ಹತ್ತಿರ ಆರು ಪಾಲಾಯಿತು. ಯಂತ್ರ ಬಲವನ್ನು ಹುಟ್ಟಿಸುವುದಿಲ್ಲ, ವೇಗವನ್ನು ಕೊಟ್ಟು ಬಲವನ್ನು ಕೊಳ್ಳುತ್ತದೆ. ಇದೊಂದು ವ್ಯಾಪಾರ.

ಬೆಲ್ಟಿನ ಬಗ್ಗೆ ಒಂದು ಮಾತು. ಅದರ ಅಡಿಭಾಗ ಪುಲ್ಲಿಯ ತಳಕ್ಕೆ ತಾಗಬಾರದು. ಅದು ಬೆಣೆಯಂತೆ ಗಾಳಿಯಲ್ಲಿ, ಅಂದರೆ ಪುಲ್ಲಿಯ ಓರೆ ಕಾಲುವೆಯಲ್ಲಿ, ಎರಡು ಮಗ್ಗುಲುಗಳಿಂದ ಹಿಡಿತ ಪಡೆಯುತ್ತದೆ. ಮಗ್ಗುಲು ಸವೆದು ತಳಕ್ಕೆ ಕೂತ ಬೆಲ್ಟು ಎಷ್ಟು ಬಿಗಿ ಮಾಡಿದರೂ ಜಾರುತ್ತದೆ. ಬೆಲ್ಟಿಗೆ ಎಣ್ಣೆ, ಗ್ರೀಸು ತಾಗಿಸಬೇಡಿ. ಹಾಗೆಂದು ತಂತಿಯಂತೆ ಬಿಗಿಯಲೂಬೇಡಿ. ವಿಪರೀತ ಬಿಗಿದರೆ ಬೇರಿಂಗು ಹಾಳಾಗುತ್ತದೆ. ಮೇವಿನಲ್ಲಿ ಕಲ್ಲು ಸಿಕ್ಕಾಗ ಬೆಲ್ಟು ಸ್ವಲ್ಪ ಜಾರುವುದು ಒಳ್ಳೆಯದೇ, ಹಲ್ಲು ಮುರಿಯುವುದು ತಪ್ಪುತ್ತದೆ.

ಕೆಲವರು ಕೆಲಸ ಬೇಗ ಮುಗಿಯಲೆಂದು ಮೋಟಾರಿಗೆ ದೊಡ್ಡ ಪುಲ್ಲಿ ಹಾಕಿಸುತ್ತಾರೆ. ಇದನ್ನು ದಯವಿಟ್ಟು ಮಾಡಬೇಡಿ. 3 ಅಂಗುಲದ ಜಾಗದಲ್ಲಿ 5 ಅಂಗುಲದ್ದು ಹಾಕಿದರೆ 240 ಸುತ್ತು 400 ಆಗುತ್ತದೆ. ಇದರ ಅರ್ಥ ತಿಳಿಯಬೇಕಾದರೆ ಬ್ಲೇಡು ಕೂಡಿಸಿರುವ ದೊಡ್ಡ ಚಕ್ರದ ಕೆಲಸ ತಿಳಿಯಬೇಕು.

ಕುಂಬಾರರ ತಿಗರಿಯನ್ನು ನೋಡಿದವರಿಗೆ ಇದು ಗೊತ್ತು. ಕೋಲಿನಿಂದ ನಾಲ್ಕು ಸಲ ತಿರುಗಿಸಿ ಬಿಟ್ಟರೆ ಗಡಿಗೆಯೊಂದು ಆಗುವವರೆಗೆ ತಿಗರಿ ತಿರುಗುತ್ತಲೇ ಇರುತ್ತದೆ. ಭಾರವಾದ ಚಕ್ರ ನಾವು ಕೊಟ್ಟ ಬಲವನ್ನು ಕೂಡಿಟ್ಟುಕೊಳ್ಳುತ್ತದೆ. ಕೈಯಿಂದ ತಿರುಗಿಸುವ ಮೇವಿನ ಯಂತ್ರಕ್ಕೂ ಬೀಡು ಕಬ್ಬಿಣದ ಅಷ್ಟು ದೊಡ್ಡ ಚಕ್ರ ಇರುವುದು ಇದಕ್ಕೇ. ಬ್ಲೇಡು ಮೇವಿನೊಳಗೆ ಹೋಗುವುದು ಸುತ್ತಿನ ಸ್ವಲ್ಪ ಹೊತ್ತು ಮಾತ್ರ. ಖಾಲಿ ತಿರುಗುವ ಹೊತ್ತಿನಲ್ಲಿ ಚಕ್ರ ಬಲವನ್ನು ಕೂಡಿಟ್ಟು, ಕತ್ತರಿಸುವ ಕ್ಷಣಕ್ಕೆ ಒಮ್ಮೆಲೇ ಕೊಡುತ್ತದೆ. ಇಲ್ಲದಿದ್ದರೆ ಪ್ರತಿ ಕತ್ತರಿಕೆಗೂ ನಿಮ್ಮ ರಟ್ಟೆಗೆ ಜಗ್ಗು ಬೀಳುತ್ತಿತ್ತು.

ಆದರೆ ಕೂಡಿಟ್ಟ ಬಲ ಸ್ವಿಚ್ಚು ಆರಿಸಿದ ಕೂಡಲೇ ಹೋಗುವುದಿಲ್ಲ. ಮೋಟಾರು ನಿಂತರೂ ಚಕ್ರ ತಿರುಗುತ್ತದೆ, ಬ್ಲೇಡು ಕತ್ತರಿಸುತ್ತದೆ, ರೋಲರು ಎಳೆಯುತ್ತದೆ. ವೇಗ ಎರಡು ಪಾಲಾದರೆ ಚಕ್ರದೊಳಗಿನ ಬಲ ನಾಲ್ಕು ಪಾಲಾಗುತ್ತದೆ. 240ರಿಂದ 400ಕ್ಕೆ ಏರಿಸಿದಾಗ ಅದು ಎರಡೂವರೆ ಪಾಲಿಗಿಂತಲೂ ಹೆಚ್ಚು. 3 ಅಡಿ ಅಗಲದ ಚಕ್ರದ ಅಂಚು 240 ಸುತ್ತಿನಲ್ಲಿ ಗಂಟೆಗೆ ಸುಮಾರು 41 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. 400 ಸುತ್ತಿನಲ್ಲಿ 69 ಕಿಲೋಮೀಟರ್. ಆ ವೇಗದಲ್ಲಿ ಬ್ಲೇಡಿನ ಬೋಲ್ಟು ಒಂದು ಸಡಿಲಾದರೆ ಬ್ಲೇಡು ಎತ್ತ ಹಾರುತ್ತದೆ ಎಂದು ಯಾರೂ ಹೇಳಲಾರರು.

ಬ್ಲೇಡು

ಬ್ಲೇಡು ಬೆಣೆಯೇ, ಆದರೆ ಬಾಗಿದ ಬೆಣೆ. ಬಾಗಿರುವುದು ಅಂದಕ್ಕಲ್ಲ. ಕುಡುಗೋಲಿನಂತೆ ಒಂದು ತುದಿಯಿಂದ ಕ್ರಮವಾಗಿ ಕುಯ್ಯುತ್ತಾ ಬರಲಿ, ಇಡೀ ಕಂತೆಯ ಭಾರ ಒಮ್ಮೆಲೇ ಬೀಳದಿರಲಿ ಎಂದು. ಮನೆಯಲ್ಲಿ ಈಳಿಗೆ ಮಣೆಯ ಮೇಲೆ ತರಕಾರಿಯನ್ನು ಒತ್ತಿ ಎಳೆಯುತ್ತೀರಲ್ಲ, ಅದೇ ಉಪಾಯ.

ಸಾಣೆ ಹಿಡಿಯುವಾಗ ಓರೆಯಿರುವ ಮಗ್ಗುಲನ್ನು ಮಾತ್ರ ಹಿಡಿಯಬೇಕು, ಚಪ್ಪಟೆ ಮಗ್ಗುಲನ್ನು ಮುಟ್ಟಬಾರದು. ಎರಡು ಬ್ಲೇಡುಗಳನ್ನೂ ಒಟ್ಟಿಗೆ, ಒಂದೇ ಸಮ ಹಿಡಿಸಬೇಕು. ಒಂದು ಹೆಚ್ಚು ಸವೆದು ಹಗುರಾದರೆ ಚಕ್ರದ ತೂಕ ಒಂದು ಪಕ್ಕಕ್ಕೆ ವಾಲಿ ಇಡೀ ಯಂತ್ರ ಅದುರುತ್ತದೆ, ಅದುರಿದಾಗ ನಟ್ಟುಗಳು ಸಡಿಲವಾಗುತ್ತವೆ. ಬ್ಲೇಡು ಮತ್ತು ಅದರ ಎದುರಿನ ಅಡಿಪಟ್ಟಿ ಒಂದಕ್ಕೊಂದು ತಾಗಬಾರದು, ದೂರವೂ ಇರಬಾರದು. ಮೋಟಾರಿನ ಫ್ಯೂಸು ಕಿತ್ತು, ಚಕ್ರವನ್ನು ಕೈಯಿಂದ ತಿರುಗಿಸಿ, ಉದ್ದನೆಯ ಕಾಗದದ ಪಟ್ಟಿಯನ್ನು ನಡುವೆ ಹಿಡಿದು ನೋಡಿ. ಕಾಗದ ಕತ್ತರಿಸಿದರೆ ಸರಿ. ಮಡಿಸಿಕೊಂಡು ಹೋದರೆ ಅಂತರ ಹೆಚ್ಚಾಗಿದೆ ಅಥವಾ ಬ್ಲೇಡು ಮೊಂಡಾಗಿದೆ. ಮೊಂಡು ಬ್ಲೇಡು ನೇಪಿಯರ್ ಹುಲ್ಲನ್ನು ಕತ್ತರಿಸುವುದಿಲ್ಲ, ಜಜ್ಜುತ್ತದೆ. ಆಗ ಮೇವು ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡಾಗಲೇ ಕೈ ಒಳಗೆ ಹೋಗುವುದು.

ರೋಲರು, ಹಲ್ಲಿನ ಚಕ್ರ ಮತ್ತು ಸ್ಪ್ರಿಂಗು

ಈ ಭಾಗವನ್ನು ದಯವಿಟ್ಟು ಮನೆಯ ಹೆಣ್ಣುಮಕ್ಕಳಿಗೂ ಓದಿ ಹೇಳಿ. ಹೆಚ್ಚಿನ ಮನೆಗಳಲ್ಲಿ ಮೇವು ಕತ್ತರಿಸುವವರು ಅವರೇ.

ಮೇವನ್ನು ಒಳಗೆ ಎಳೆಯುವುದು ಮೇಲೆ ಕೆಳಗೆ ಇರುವ ಎರಡು ಹಲ್ಲಿನ ರೋಲರುಗಳು. ಇವು ಕಬ್ಬಿನ ಹಾಲಿನ ಗಾಣದಂತೆ ಎದುರು ಬದುರು ತಿರುಗುತ್ತವೆ. ದೊಡ್ಡ ಚಕ್ರದ ಅಚ್ಚಿನಿಂದ ಇವುಗಳಿಗೆ ಚಲನೆ ತಲುಪಿಸುವುದು ಹಲ್ಲಿನ ಚಕ್ರಗಳು, ಅಂದರೆ ಗೇರುಗಳು. ಬೆಲ್ಟಿನಂತೆ ಗೇರು ಜಾರುವುದಿಲ್ಲ. ಒಂದು ಹಲ್ಲಿಗೆ ಒಂದು ಹಲ್ಲು, ಲೆಕ್ಕ ತಪ್ಪುವುದಿಲ್ಲ. ಆದ್ದರಿಂದಲೇ ತುಂಡಿನ ಉದ್ದವನ್ನು ಗೇರು ನಿರ್ಧರಿಸುತ್ತದೆ. ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ರೋಲರು 2 ಅಂಗುಲ ಮೇವು ತಳ್ಳಿದರೆ, ಎರಡು ಬ್ಲೇಡಿಗೆ ತಲಾ 1 ಅಂಗುಲದ ತುಂಡು. ಗೇರು ಬದಲಿಸುವ ಸೌಲಭ್ಯವಿರುವ ಯಂತ್ರದಲ್ಲಿ ಇದನ್ನು ಹೆಚ್ಚು ಕಡಿಮೆ ಮಾಡಬಹುದು.

ಎಷ್ಟು ಉದ್ದ ಇರಬೇಕು ಎಂದು ಬಹಳ ಜನ ಕೇಳುತ್ತಾರೆ. ಹಸಿರು ಮೇವು, ಜೋಳದ ಸಪ್ಪೆ, ರಾಗಿ ಹುಲ್ಲಿಗೆ 1ರಿಂದ 2 ಅಂಗುಲ ಸಾಕು. ಹಿಟ್ಟಿನಂತೆ ನುಣ್ಣಗೆ ಮಾಡಿದರೆ ಹಸು ಚೆನ್ನಾಗಿ ತಿನ್ನುತ್ತದೆ ಎಂಬುದು ತಪ್ಪು ತಿಳಿವಳಿಕೆ. ಮೇವಿನಲ್ಲಿ ನಾರಿನ ಉದ್ದವಿದ್ದರೆ ಹಸು ಮೆಲುಕು ಹಾಕುತ್ತದೆ. ಮೆಲುಕು ಹಾಕಿದಷ್ಟೂ ಜೊಲ್ಲು ಸುರಿಯುತ್ತದೆ. ದೊಡ್ಡ ಹಸುವೊಂದು ದಿನಕ್ಕೆ ನೂರು ಲೀಟರಿಗೂ ಮೀರಿ ಜೊಲ್ಲು ನುಂಗುತ್ತದೆ, ಅದರಲ್ಲಿ ನಮ್ಮ ಅಡುಗೆ ಸೋಡಾದ ಅಂಶವೇ ಇದೆ. ಹೊಟ್ಟೆಯ ಹುಳಿಯನ್ನು ತಡೆಯುವುದು ಅದು. ಮೇವು ತೀರಾ ಸಣ್ಣಗಾದರೆ ಮೆಲುಕು ಕಡಿಮೆಯಾಗಿ, ಹೊಟ್ಟೆಯಲ್ಲಿ ಹುಳಿ ಹೆಚ್ಚಿ, ಹಾಲಿನ ಜಿಡ್ಡಿನಂಶ ಇಳಿಯುತ್ತದೆ. ಸಂಘದಲ್ಲಿ ಪರೀಕ್ಷಕರ ಮೇಲೆ ಅನುಮಾನಪಡುವ ಮೊದಲು ಕೆಲವೊಮ್ಮೆ ಗೇರಿನ ಹಲ್ಲನ್ನು ಎಣಿಸಬೇಕಾಗುತ್ತದೆ.

ಈಗ ಇದೇ ಲೆಕ್ಕವನ್ನು ಇನ್ನೊಂದು ದೃಷ್ಟಿಯಿಂದ ನೋಡಿ. ನಿಮಿಷಕ್ಕೆ 240 ಸುತ್ತು ಎಂದರೆ ಸೆಕೆಂಡಿಗೆ ನಾಲ್ಕು ಸುತ್ತು. ಎರಡು ಬ್ಲೇಡಿಗೆ ಎಂಟು ಕತ್ತರಿಕೆ. 1 ಅಂಗುಲದ ತುಂಡಾದರೆ ರೋಲರು ಸೆಕೆಂಡಿಗೆ 8 ಅಂಗುಲ ಒಳಗೆ ಎಳೆಯುತ್ತಿದೆ. ದೊಡ್ಡವರ ಬೆರಳ ತುದಿಯಿಂದ ಮೊಣಕೈವರೆಗೆ ಸುಮಾರು 18 ಅಂಗುಲ. ಅಂದರೆ ಎರಡೂಕಾಲು ಸೆಕೆಂಡು. ಬೆಚ್ಚಿ ಕೈ ಎಳೆದುಕೊಳ್ಳಬೇಕೆಂದು ತೋಚುವುದಕ್ಕೇ ಕಾಲು ಸೆಕೆಂಡು ಬೇಕು, ಅಷ್ಟರಲ್ಲಿ ಎರಡು ಸಲ ಬ್ಲೇಡು ಬಂದು ಹೋಗಿರುತ್ತದೆ. ಬಳೆ, ಸೆರಗು, ಹೆಗಲ ಮೇಲಿನ ಟವೆಲ್ಲು ಇವು ಯಾವುವೂ ರೋಲರಿನ ಹಲ್ಲಿಗೆ ಮೇವಿಗಿಂತ ಬೇರೆಯಲ್ಲ.

ಹಲವು ಯಂತ್ರಗಳಲ್ಲಿ ರೋಲರನ್ನು ತಿರುಗಿಸುವ ಗೇರು ತಿರುಪಿನ ಆಕಾರದ್ದು. ವರ್ಮ್ ಎನ್ನುತ್ತಾರೆ. ಇದರ ಗುಣ ವಿಚಿತ್ರ. ಅಚ್ಚು ತಿರುಗಿದರೆ ರೋಲರು ತಿರುಗುತ್ತದೆ, ಆದರೆ ರೋಲರನ್ನು ಹಿಡಿದು ಎಳೆದರೆ ಅಚ್ಚು ತಿರುಗುವುದಿಲ್ಲ. ನಟ್ಟನ್ನು ತಿರುಗಿಸದೆ ಬೋಲ್ಟಿನಿಂದ ನೇರವಾಗಿ ಎಳೆದು ತೆಗೆಯಲು ಬಾರದಂತೆ. ಆದ್ದರಿಂದ ರೋಲರಿನ ನಡುವೆ ಸಿಕ್ಕಿದ್ದನ್ನು, ಅದು ಮೇವಾಗಲಿ ಮತ್ತೇನಾಗಲಿ, ಹಿಂದಕ್ಕೆ ಜಗ್ಗಿ ತೆಗೆಯಲಾಗದು. ಇಂಥ ಯಂತ್ರದಲ್ಲಿ ಸಿಕ್ಕಿದ್ದನ್ನು ಬಿಡಿಸಬೇಕಾದರೆ ಮೊದಲು ಮುಖ್ಯ ಸ್ವಿಚ್ಚು ಆರಿಸಿ, ಚಕ್ರ ಪೂರ್ತಿ ನಿಂತ ಮೇಲೆ, ಅದರ ಹೊರ ಬಳೆಯನ್ನು ಹಿಡಿದು ಹಿಂದುಮುಂದಾಗಿ ತಿರುಗಿಸಬೇಕು. ಆಗ ರೋಲರು ತಾನೇ ಉಗುಳುತ್ತದೆ. ಈಚಿನ ಯಂತ್ರಗಳಲ್ಲಿ ಮುಂದಕ್ಕೆ, ನಿಲುಗಡೆ, ಹಿಂದಕ್ಕೆ ಎಂದು ಮೂರು ಸ್ಥಾನದ ಹಿಡಿಕೆ ಇರುತ್ತದೆ. ಹೊಸದು ಕೊಳ್ಳುವವರು, ಸಹಾಯಧನದಲ್ಲಿ ಪಡೆಯುವವರೂ, ಬಣ್ಣ ನೋಡುವ ಮೊದಲು ಈ ಹಿಡಿಕೆ ಇದೆಯೇ, ನಿಂತ ಜಾಗದಿಂದ ಕೈಗೆ ಸಿಗುತ್ತದೆಯೇ ಎಂದು ನೋಡಬೇಕು. ಮೇವು ಹಾಕುವ ದೋಣಿಯ ಮೇಲೆ ಮುಚ್ಚಳವಿರಬೇಕು. ಕೈ ಪೂರ್ತಿ ಚಾಚಿದರೂ ಬೆರಳು ರೋಲರಿಗೆ ಎಟುಕದಷ್ಟು ಅದು ಉದ್ದವಿರಬೇಕು. ದೋಣಿ ಗಿಡ್ಡವಿದ್ದರೆ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ತಗಡು ಸೇರಿಸಿ ಉದ್ದ ಮಾಡಿಸಿಕೊಳ್ಳಬಹುದು.

ಇನ್ನು ಸ್ಪ್ರಿಂಗು. ಮೇಲಿನ ರೋಲರನ್ನು ಕೆಳಕ್ಕೆ ಒತ್ತಿ ಹಿಡಿಯುವುದು ಇದರ ಕೆಲಸ. ಕಂತೆ ದಪ್ಪವಿದ್ದಾಗ ರೋಲರು ಮೇಲೇಳಬೇಕು, ತೆಳುವಾದಾಗ ಇಳಿಯಬೇಕು. ವರ್ಷಗಳು ಕಳೆದಂತೆ ಸ್ಪ್ರಿಂಗು ಸೋಲುತ್ತದೆ. ಸೋತಾಗ ಹಲ್ಲು ಮೇವನ್ನು ಕಚ್ಚುವುದಿಲ್ಲ, ಮೇವು ಅಲ್ಲೇ ಜಾರುತ್ತಾ ನಿಲ್ಲುತ್ತದೆ. ಆಗ ನಾವು ಏನು ಮಾಡುತ್ತೇವೆ? ಕೈಯಿಂದ ತಳ್ಳುತ್ತೇವೆ.

ನನಗೆ ತಿಳಿದ ಒಂದು ಮನೆಯಲ್ಲಿ ಆದದ್ದು ಹೀಗೆಯೇ. ಸಂಜೆ ಹಾಲು ಕರೆಯುವ ಹೊತ್ತು, ಆ ತಾಯಿಗೆ ಸಂಘದ ಗಂಟೆಗೆ ಮೊದಲು ಮೇವು ಮುಗಿಸುವ ಅವಸರ. ಸ್ಪ್ರಿಂಗು ಸೋತು ಹಲವು ದಿನಗಳಾಗಿದ್ದವು. ಮುಸುಕಿನ ಜೋಳದ ದಂಟು ಸಿಕ್ಕಿಕೊಂಡಿತು, ಅದೇ ಸಮಯಕ್ಕೆ ಕರೆಂಟೂ ಹೋಯಿತು. ಯಂತ್ರ ನಿಂತಿದೆ, ಇದೇ ಸಮಯ ಎಂದು ಕೈ ಹಾಕಿ ದಂಟನ್ನು ಬಿಡಿಸತೊಡಗಿದರು. ಸ್ವಿಚ್ಚು ಹಾಕಿದಂತೆಯೇ ಇತ್ತು. ಕರೆಂಟು ಬಂತು. ಬಲಗೈಯ ಎರಡು ಬೆರಳು ಹೋದವು. ಮೂವತ್ತು ವರ್ಷ ಹಾಲು ಕರೆದ ಕೈ ಅದು. ಈಗ ಅವರ ಸೊಸೆ ಕರೆಯುತ್ತಾರೆ. ನಾನು ಹೋದಾಗಲೆಲ್ಲ ಆ ತಾಯಿ ಎಡಗೈಯಿಂದಲೇ ಕಾಫಿ ಲೋಟ ನೀಡುತ್ತಾರೆ.

ಅವರನ್ನು ಅಜಾಗರೂಕರು ಎಂದು ನಾನು ಹೇಳಲಾರೆ. ಯಂತ್ರ ಸರಿಯಾಗಿ ಎಳೆದಿದ್ದರೆ ಅವರು ಕೈ ಹಾಕುತ್ತಿರಲಿಲ್ಲ. ಸ್ವಿಚ್ಚಿನ ಬದಲು ಹಸಿರು, ಕೆಂಪು ಗುಂಡಿಯ ಸ್ಟಾರ್ಟರ್ ಇದ್ದಿದ್ದರೆ ಕರೆಂಟು ಹೋದ ಕೂಡಲೇ ಅದು ಬಿಟ್ಟುಕೊಂಡು, ಮತ್ತೆ ಹಸಿರು ಗುಂಡಿ ಒತ್ತುವವರೆಗೆ ಯಂತ್ರ ತಿರುಗುತ್ತಿರಲಿಲ್ಲ. ಬೋರ್‌ವೆಲ್ ಮೋಟಾರಿಗೆ ಹಾಕಿಸುವ, ಕರೆಂಟು ಬಂದೊಡನೆ ತಾನೇ ಚಾಲೂ ಆಗುವ ಆಟೋ ಸ್ಟಾರ್ಟರನ್ನು ಮೇವಿನ ಯಂತ್ರಕ್ಕೆ ಎಂದಿಗೂ ಹಾಕಿಸಬಾರದು. ಹಾಗೆ ಹಾಕಿಸಿದ ಒಂದೆರಡು ಮನೆಗಳನ್ನು ನಾನೇ ನೋಡಿ ತೆಗೆಸಿದ್ದೇನೆ.

ಇಂಥ ಅನಾಹುತ ಆಗಿಯೇ ಹೋದರೆ ಗಾಯವನ್ನು ಶುಭ್ರ ಬಟ್ಟೆಯಿಂದ ಒತ್ತಿ ಕಟ್ಟಿ ಕೈಯನ್ನು ಎತ್ತಿ ಹಿಡಿಯಿರಿ. ಅರಿಶಿನ, ಕಾಫಿ ಪುಡಿ ಮೆತ್ತಬೇಡಿ. ತುಂಡಾದ ಬೆರಳನ್ನು ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಡಿ. ಬೆರಳು ನೇರವಾಗಿ ಮಂಜುಗಡ್ಡೆಗೆ ತಾಗಬಾರದು. ಕೆಲವೇ ಗಂಟೆಗಳಲ್ಲಿ ದೊಡ್ಡ ಆಸ್ಪತ್ರೆ ಸೇರಿದರೆ ಮತ್ತೆ ಜೋಡಿಸುವ ಸಾಧ್ಯತೆ ಇರುತ್ತದೆ.

ಬೇರಿಂಗು

ತಿರುಗುವ ಅಚ್ಚು ಮತ್ತು ನಿಂತ ಚೌಕಟ್ಟಿನ ನಡುವೆ ಇರುವುದು ಬೇರಿಂಗು. ಉಜ್ಜುವುದಕ್ಕಿಂತ ಉರುಳುವುದು ಸುಲಭ ಎಂಬುದು ಇದರ ತತ್ವ. ಮರದ ದಿಮ್ಮಿಯನ್ನು ಎಳೆಯುವುದಕ್ಕೂ ಉರುಳಿಸುವುದಕ್ಕೂ ಇರುವ ವ್ಯತ್ಯಾಸ. ಇದಕ್ಕೆ ಶತ್ರು ಧೂಳು, ಅದರಲ್ಲೂ ರಾಗಿ ಹುಲ್ಲಿನ ಧೂಳು. ಗ್ರೀಸು ಹಾಕುವ ಮೊದಲು ಮೊಳೆಯ ಬಾಯನ್ನು ಬಟ್ಟೆಯಿಂದ ಒರೆಸದಿದ್ದರೆ ಧೂಳನ್ನೇ ಒಳಗೆ ತುಂಬಿದಂತೆ. ಕೆಲಸ ಮುಗಿಸಿ ಯಂತ್ರ ನಿಂತ ಮೇಲೆ ಬೇರಿಂಗಿನ ಹೊರಮೈ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿಯಿದ್ದರೆ, ಗರಗರ ಸದ್ದು ಬರುತ್ತಿದ್ದರೆ, ಅಚ್ಚು ಅಲ್ಲಾಡುತ್ತಿದ್ದರೆ ಬದಲಿಸುವ ಕಾಲ ಬಂದಿದೆ. ಗ್ಯಾರೇಜಿನಿಂದ ತಂದ ಹಳೆಯ ಇಂಜಿನ್ ಎಣ್ಣೆಯನ್ನು ಸುರಿಯುವ ಅಭ್ಯಾಸ ಬೇಡ. ಅದು ಮೇವಿಗೆ ತೊಟ್ಟಿಕ್ಕುತ್ತದೆ. ರಾಸುಗಳು ಅದರ ಡಬ್ಬಿ ಸಿಕ್ಕಿದರೂ ನೆಕ್ಕುತ್ತವೆ, ವಿಷವಾಗುತ್ತದೆ.

ಬೋಲ್ಟು, ನಟ್ಟು, ಪಿನ್ನು

ಎಲ್ಲಕ್ಕಿಂತ ಚಿಕ್ಕ ಭಾಗಕ್ಕೆ ಕೊನೆಗೆ ಬಂದೆವು. ಅದುರುವ ಯಂತ್ರದಲ್ಲಿ ಯಾವ ನಟ್ಟೂ ಶಾಶ್ವತವಾಗಿ ಬಿಗಿಯಾಗಿ ಇರುವುದಿಲ್ಲ. ಅದಕ್ಕೇ ಸ್ಪ್ರಿಂಗ್ ವಾಷರು, ನಟ್ಟಿನ ಮೇಲೆ ಇನ್ನೊಂದು ನಟ್ಟು, ತೂತಿನಲ್ಲಿ ತೂರಿಸಿ ಕಾಲು ಅಗಲಿಸುವ ಪಿನ್ನು, ಹೀಗೆ ಮೂರು ಉಪಾಯಗಳನ್ನು ಮಾಡಿದ್ದಾರೆ. ಗಾಡಿಗೆ ಕಡಾಣಿ ಇದ್ದಂತೆ. ಗಾಡಿ ಹೊಡೆಯುವವರು ಕಡಾಣಿಯ ಜಾಗದಲ್ಲಿ ದಾರ ಕಟ್ಟಿಕೊಂಡು ಸಂತೆಗೆ ಹೊರಡುತ್ತಿರಲಿಲ್ಲ. ಯಂತ್ರದ ವಿಷಯದಲ್ಲಿ ಮಾತ್ರ ನಾವು ತಂತಿ ಸುತ್ತುತ್ತೇವೆ. ತಂತಿ ಬಾಗಿ ಬಾಗಿ ಒಂದು ದಿನ ತುಂಡಾಗುತ್ತದೆ. ತುಂಡಾದದ್ದು ಬೀಳುವುದು ಮೇವಿನ ರಾಶಿಗೆ, ಅಲ್ಲಿಂದ ಗೋದಲಿಗೆ.

ಹಸು ನಮ್ಮಂತೆ ಆರಿಸಿ ತಿನ್ನುವ ಪ್ರಾಣಿಯಲ್ಲ. ನಾಲಿಗೆಯಿಂದ ಬಾಚಿ, ಸರಿಯಾಗಿ ಅಗಿಯದೆ ನುಂಗಿ, ಆಮೇಲೆ ಮೆಲುಕು ಹಾಕುತ್ತದೆ. ನಾಲಿಗೆಯ ಮೇಲಿನ ಮುಳ್ಳುಗಳು ಗಂಟಲ ಕಡೆಗೆ ಬಾಗಿರುವುದರಿಂದ ಒಮ್ಮೆ ಬಾಯಿಗೆ ಬಂದ ತಂತಿಯನ್ನು ಉಗುಳುವುದು ಅದಕ್ಕೆ ಕಷ್ಟ. ಭಾರವಾದ ಲೋಹ ಹೋಗಿ ಕೂರುವುದು ಜೇನುಗೂಡಿನಂಥ ಒಳಮೈಯುಳ್ಳ ಎರಡನೆಯ ಹೊಟ್ಟೆಯಲ್ಲಿ. ಅದರ ಮುಂದೆ ಒಂದು ತೆಳು ಪರದೆ, ಪರದೆಯ ಆಚೆ ಕೆಲವೇ ಅಂಗುಲ ದೂರದಲ್ಲಿ ಹೃದಯ. ಈ ಹೊಟ್ಟೆ ಹಿಸುಕಿದಾಗಲೆಲ್ಲ ತಂತಿ ಮುಂದಕ್ಕೆ ಚುಚ್ಚುತ್ತದೆ. ತುಂಬು ಗಬ್ಬದಲ್ಲಿ, ಕರು ಹಾಕುವಾಗ ಒತ್ತಡ ಹೆಚ್ಚಿ ಇನ್ನಷ್ಟು ಮುಂದೆ ಹೋಗುತ್ತದೆ. ಎಷ್ಟೋ ತಿಂಗಳು ಸುಮ್ಮನಿದ್ದ ತಂತಿ ಕರು ಹಾಕಿದ ವಾರದಲ್ಲಿ ಹಸುವನ್ನು ಕೊಂದ ಉದಾಹರಣೆಗಳಿವೆ.

ಇದ್ದಕ್ಕಿದ್ದಂತೆ ಹಾಲು ಇಳಿದು ಮೇವು ಬಿಡುವುದು, ಬೆನ್ನು ಬಾಗಿಸಿ ಮುಂಗಾಲಿನ ಮೊಣಕೈಗಳನ್ನು ಹೊರಕ್ಕೆ ಚಾಚಿ ನಿಲ್ಲುವುದು, ಇಳಿಜಾರಿನಲ್ಲಿ ಇಳಿಯಲು ಹಿಂಜರಿಯುವುದು, ಮಲಗುವಾಗ ಏಳುವಾಗ ನರಳುವುದು ಮೊದಲ ಲಕ್ಷಣಗಳು. ಈ ಹಂತದಲ್ಲಿ ವೈದ್ಯರನ್ನು ಕರೆದರೆ ಆಪರೇಷನ್ನಿನಿಂದ ಉಳಿಸಿಕೊಳ್ಳುವ ಅವಕಾಶವಿದೆ. ಕುತ್ತಿಗೆಯ ರಕ್ತನಾಳ ಹಗ್ಗದಂತೆ ಉಬ್ಬಿ, ಗಂಟಲ ಕೆಳಗೆ, ಎದೆಯ ಮುಂದೆ ನೀರು ತುಂಬಿ ಜೋತುಬಿದ್ದರೆ ತಂತಿ ಹೃದಯವನ್ನು ಮುಟ್ಟಿದೆ ಎಂದೇ ಅರ್ಥ. ಅಷ್ಟು ಹೊತ್ತಿಗೆ ನಮ್ಮ ಕೈಯಲ್ಲಿ ಮಾಡುವಂಥದ್ದು ಬಹಳ ಕಡಿಮೆ. ಹೊಟ್ಟೆ ಉಬ್ಬರದ ಔಷಧಿ ಕುಡಿಸುತ್ತಾ ವಾರ ಕಳೆದ ಮೇಲೆ ಕರೆ ಬಂದಾಗ ನನಗೆ ಆಗುವ ಬೇಸರ ಹೇಳತೀರದು.

ಪ್ರತಿ ವಾರ ಒಂದು ದಿನ, ನಮ್ಮ ಕಡೆ ಶುಕ್ರವಾರ ಕೊಟ್ಟಿಗೆ ತೊಳೆಯುತ್ತಾರಲ್ಲ ಆ ದಿನ, ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡು, ಸ್ಪ್ಯಾನರಿನಿಂದ ಬ್ಲೇಡಿನ ಬೋಲ್ಟುಗಳಿಂದ ಆರಂಭಿಸಿ ಎಲ್ಲ ನಟ್ಟುಗಳನ್ನೂ ಬಿಗಿ ಮಾಡಿ ನೋಡಿ. ಎಷ್ಟು ನಟ್ಟು, ಎಷ್ಟು ಪಿನ್ನು ಎಂದು ಎಣಿಸಿ ಸುಣ್ಣದಲ್ಲಿ ಗೋಡೆಯ ಮೇಲೆ ಬರೆದಿಡಿ. ಮುಂದಿನ ವಾರ ಒಂದು ಕಡಿಮೆಯಾದರೆ ಆ ದಿನದ ಮೇವನ್ನು ಹಾಕುವ ಮುನ್ನ ಹುಡುಕಬೇಕು. ಬ್ಲೇಡಿನ ಬೋಲ್ಟು ಹೋದರೆ ಅದೇ ಅಳತೆಯ, ಅದೇ ಗಟ್ಟಿತನದ ಬೋಲ್ಟನ್ನೇ ತರಬೇಕು. ಮನೆಯಲ್ಲಿ ಬಿದ್ದಿರುವ ಯಾವುದೋ ಮೃದು ಬೋಲ್ಟು ಆ ಜಾಗಕ್ಕಲ್ಲ.

ಆ ಹಸುವಿನ ಯಜಮಾನರು ಈಗ ಒಂದು ಉಪಾಯ ಮಾಡಿದ್ದಾರೆ. ಕೆಟ್ಟುಹೋದ ಧ್ವನಿವರ್ಧಕದ ಉಂಗುರದಂಥ ಅಯಸ್ಕಾಂತವನ್ನು ಕೋಲಿನ ತುದಿಗೆ ಭದ್ರವಾಗಿ ಕಟ್ಟಿ, ಕತ್ತರಿಸಿದ ಮೇವನ್ನು ಗೋದಲಿಗೆ ಹರಡುವ ಮೊದಲು ರಾಶಿಯಲ್ಲಿ ಒಮ್ಮೆ ಆಡಿಸುತ್ತಾರೆ. ಕಳೆದ ಬಾರಿ ನಾನು ಹೋದಾಗ ಅದಕ್ಕೆ ಅಂಟಿದ್ದವನ್ನು ಡಬ್ಬಿಯಲ್ಲಿ ಕೂಡಿಟ್ಟು ತೋರಿಸಿದರು. ಎರಡು ಮೊಳೆ, ಚೀಲ ಹೊಲಿಯುವ ಸೂಜಿಯ ತುಂಡು, ಒಂದು ವಾಷರು. ವಾಷರು ಅವರ ಯಂತ್ರದ್ದೇ. ಯಾವ ಬೋಲ್ಟಿನಿಂದ ಬಿದ್ದದ್ದು ಎಂದು ಇಬ್ಬರೂ ಕೂತು ಹುಡುಕಿ ಹಾಕಿದೆವು.